ಹಲಗೆಯ ಮೇಲಿನ ಶಂಟಿಂಗ್

ಆಟಿಕೆಯ ರೈಲು ಎಂದೊಡನೆ ಯಾರ ಕಣ್ಣಮುಂದಾದರೂ ಬರುವ ಚಿತ್ರ ಒಂದೇ. ದುಂಡನೆಯ ಹಳಿ, ಅದರ ಮೇಲೆ ಗಿರಗಿರನೆ ಸುತ್ತುವ ಎಂಜಿನ್ನು, ಹಿಂದೆ ಮೂರೋ ನಾಲ್ಕೋ ಡಬ್ಬಿಗಳು. ಮಗು ಹತ್ತು ಸುತ್ತಿನವರೆಗೆ ಚಪ್ಪಾಳೆ ತಟ್ಟುತ್ತದೆ. ಹನ್ನೊಂದನೆಯ ಸುತ್ತಿಗೆ ಎದ್ದು ಹೋಗುತ್ತದೆ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಎಲ್ಲಿಂದಲೂ ಹೊರಡದೆ, ಎಲ್ಲಿಗೂ ಮುಟ್ಟದೆ ಸುತ್ತುವ ಗಾಡಿಯನ್ನು ಎಷ್ಟು ಹೊತ್ತು ತಾನೆ ನೋಡಲಾದೀತು?

ಆದರೆ ಅಮೆರಿಕ, ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿ ತಲೆ ನರೆತ ಗೃಹಸ್ಥರೂ ಇದೇ ಪುಟ್ಟ ರೈಲಿನ ಮುಂದೆ ಗಂಟೆಗಟ್ಟಲೆ ತನ್ಮಯರಾಗಿ ನಿಲ್ಲುವುದುಂಟು. ಅಮೆರಿಕದ ಮಿಲ್ವಾಕಿ ನಗರದಿಂದ 'ಮಾಡೆಲ್ ರೈಲ್‌ರೋಡರ್' ಎಂಬ ಮಾಸಪತ್ರಿಕೆ ಈ ಹವ್ಯಾಸಕ್ಕಾಗಿಯೇ 1934ರಲ್ಲಿ ಆರಂಭವಾಯಿತು. ಮರುವರ್ಷ, ಅಂದರೆ 1935ರಲ್ಲಿ, ಅದೇ ನಗರದಲ್ಲಿ ಹವ್ಯಾಸಿಗಳ ರಾಷ್ಟ್ರೀಯ ಸಂಘವೊಂದು ಹುಟ್ಟಿ, ಹಳಿಯ ಅಗಲ, ಗಾಲಿಯ ಆಕಾರ, ವಿದ್ಯುತ್ತಿನ ಕ್ರಮ ಮೊದಲಾದವುಗಳಿಗೆ ನಿಯಮಗಳನ್ನು ಗೊತ್ತುಮಾಡಿತು. ಇಷ್ಟೊಂದು ಜನ ಇಷ್ಟೊಂದು ಕಾಲ ಒಂದು ಆಟಿಕೆಗೆ ಅಂಟಿಕೊಂಡಿದ್ದಾರೆಂದರೆ ಅದರಲ್ಲಿ ಸುತ್ತುವುದಕ್ಕಿಂತ ಬೇರೇನೋ ಇರಲೇಬೇಕಲ್ಲವೆ? ಇದೆ. ಅವರಲ್ಲಿ ಅನೇಕರ ರೈಲು ಸುತ್ತುವುದಿಲ್ಲ; ಕೆಲಸ ಮಾಡುತ್ತದೆ. ಆ ಕೆಲಸದ ಹೆಸರು ಶಂಟಿಂಗ್.

ಹುಬ್ಬಳ್ಳಿ, ಅರಸೀಕೆರೆ, ಗುಂತಕಲ್ಲು ಮೊದಲಾದ ಜಂಕ್ಷನ್ ಊರುಗಳವರಿಗೆ ಈ ಮಾತು ಹೊಸದಲ್ಲ. ಬಂದ ಗಾಡಿಯಿಂದ ಬೇಕಾದ ಡಬ್ಬಿಗಳನ್ನು ಬಿಡಿಸುವುದು, ಬೇರೆ ಹಳಿಗೆ ತಳ್ಳುವುದು, ಅಲ್ಲಿರುವುದನ್ನು ಎಳೆದು ತಂದು ಮತ್ತೊಂದು ಗಾಡಿಗೆ ಸೇರಿಸುವುದು, ಇವೆಲ್ಲ ಶಂಟಿಂಗಿನೊಳಗೆ ಬರುತ್ತವೆ. ಅಮೆರಿಕದವರು ಇದನ್ನೇ ಸ್ವಿಚಿಂಗ್ ಎನ್ನುತ್ತಾರೆ. ಅಲ್ಲಿಯ ಊರುಗಳಲ್ಲಿ ಹಿಟ್ಟಿನ ಗಿರಣಿ, ಕಾಗದದ ಗೋದಾಮು, ಮರದ ಅಡತಿ, ರಾಸಾಯನಿಕದ ಕಾರ್ಖಾನೆ ಇವುಗಳ ಬಾಗಿಲಿನವರೆಗೆ ಒಂದೊಂದು ಕವಲುಹಳಿ ಹೋಗಿರುತ್ತದೆ. ಚಿಕ್ಕದೊಂದು ಗೂಡ್ಸುಗಾಡಿ ಬಂದು ತುಂಬಿದ ವ್ಯಾಗನ್ನುಗಳನ್ನು ಅಲ್ಲಿ ಬಿಟ್ಟು, ಬರಿದಾದವುಗಳನ್ನು ಎತ್ತಿಕೊಂಡು ಹೋಗುತ್ತದೆ. ಹವ್ಯಾಸಿಗಳು ಹಲಗೆಯ ಮೇಲೆ ಕಟ್ಟಿಕೊಳ್ಳುವುದು ಈ ಲೋಕವನ್ನೇ.

ಇದನ್ನೇ ಆರಿಸಿಕೊಳ್ಳುವುದಕ್ಕೆ ಲೆಕ್ಕದ ಕಾರಣವೊಂದಿದೆ. ಅಮೆರಿಕದಲ್ಲಿ ಬಹಳವಾಗಿ ಬಳಕೆಯಲ್ಲಿರುವ 'ಎಚ್‌ಒ' ಎಂಬ ಅಳತೆಯಲ್ಲಿ ನಿಜವಾದ ರೈಲನ್ನು 87 ಪಾಲು ಚಿಕ್ಕದು ಮಾಡುತ್ತಾರೆ. 40 ಅಡಿಯ ವ್ಯಾಗನ್ನು ಅಲ್ಲಿ 14 ಸೆಂಟಿಮೀಟರ್ ಆಗುತ್ತದೆ. ಆದರೆ ಒಂದು ಮೈಲಿ ದಾರಿಯನ್ನು ಅದೇ ಅಳತೆಗೆ ಇಳಿಸಿದರೂ 60 ಅಡಿ ಬೇಕು. ಎಂತಹ ದೊಡ್ಡ ಮನೆಯ ಪಡಸಾಲೆಯಲ್ಲಿಯೂ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ರೈಲನ್ನು ನಿಜದ ಪ್ರಮಾಣದಲ್ಲಿ ತೋರಿಸಲು ಆಗದು. ಗೋಡೆಗೆ ಹೊಡೆದ 8 ಅಡಿಯ ಹಲಗೆಯಾದರೋ ಸುಮಾರು 700 ಅಡಿಯ ನಿಜವಾದ ನೆಲಕ್ಕೆ ಸಮ. ಗಿರಣಿಯೊಂದರ ಮುಂದಿನ ಕವಲುಹಳಿಗೆ ನಿಜಜೀವನದಲ್ಲಿಯೂ ಅಷ್ಟೇ ಜಾಗವಿದ್ದರೆ ಸಾಕು. ಹೀಗಾಗಿ ಶಂಟಿಂಗಿನಲ್ಲಿ ಮಾತ್ರ ಪುಟ್ಟ ಹಲಗೆ ಸುಳ್ಳು ಹೇಳಬೇಕಾಗಿಲ್ಲ.

ಇನ್ನು ಕೆಲಸದ ತೊಡಕನ್ನು ನೋಡೋಣ. ಎಂಜಿನ್ನು ಮುಂದೆ, ವ್ಯಾಗನ್ನುಗಳು ಹಿಂದೆ ಇವೆಯೆಂದು ಭಾವಿಸಿಕೊಳ್ಳಿ. ಗಿರಣಿಯ ಕವಲು ಗಾಡಿಯ ಹಿಮ್ಮುಖಕ್ಕೆ ತೆರೆದುಕೊಂಡಿದ್ದರೆ ಕೆಲಸ ಸುಲಭ. ಗಾಡಿ ಪಾಯಿಂಟನ್ನು ದಾಟಿ ನಿಲ್ಲುತ್ತದೆ, ಪಾಯಿಂಟನ್ನು ತಿರುಗಿಸುತ್ತಾರೆ, ಎಂಜಿನ್ನು ಹಿಂದಕ್ಕೆ ತಳ್ಳಿ ಕೊನೆಯ ವ್ಯಾಗನ್ನನ್ನು ಗಿರಣಿಯ ಹಳಿಗೆ ಸೇರಿಸುತ್ತದೆ. ಕವಲು ಎದುರುಮುಖವಾಗಿದ್ದರೆ ಹಾಗಲ್ಲ. ಮೊದಲು ಒಳಹೊಗುವುದು ಎಂಜಿನ್ನೇ. ಹಳಿಯ ಕೊನೆಯ ಕಟ್ಟೆಗೂ ತಾನೇ ತಂದ ವ್ಯಾಗನ್ನಿಗೂ ನಡುವೆ ಅದು ಸಿಕ್ಕಿಬೀಳುತ್ತದೆ. ಆದಕಾರಣ ಸಮೀಪದಲ್ಲಿ ಎರಡೂ ತುದಿ ಕೂಡಿರುವ ಜೋಡಿಹಳಿ ಇರುವಲ್ಲಿ ವ್ಯಾಗನ್ನುಗಳನ್ನು ಬಿಟ್ಟು, ಎಂಜಿನ್ನು ಪಕ್ಕದ ಹಳಿಯಿಂದ ಬಳಸಿ ಬಂದು, ಬಾಲದ ಕಡೆ ಸೇರಿಕೊಂಡು, ಮುಂದಕ್ಕೆ ತಳ್ಳಬೇಕು. ಆ ಜೋಡಿಹಳಿಯಲ್ಲಿ ಮೂರೇ ವ್ಯಾಗನ್ನಿಗೆ ಜಾಗವಿದ್ದು, ತಂದಿರುವುದು ನಾಲ್ಕಾದರೆ? ಹುಲಿ, ಮೇಕೆ, ಹುಲ್ಲಿನ ಕಂತೆಯನ್ನು ಹೊಳೆ ದಾಟಿಸುವ ಒಗಟನ್ನು ನಮ್ಮ ಹಿರಿಯರಿಂದ ಕೇಳಿದವರಿಗೆ ಈ ಸಂಕಟದ ರುಚಿ ಚೆನ್ನಾಗಿ ತಿಳಿಯುತ್ತದೆ.

ಇದನ್ನು ನಿಜವಾಗಿಯೂ ಒಗಟನ್ನಾಗಿ ಮಾಡಿದವರು ಇಬ್ಬರು. ಒಬ್ಬರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಆಲೆನ್. ವೃತ್ತಿಯಿಂದ ಛಾಯಾಗ್ರಾಹಕರಾಗಿದ್ದ ಇವರು ಮನೆಯಲ್ಲಿ ಬೆಟ್ಟಕಣಿವೆಗಳಿಂದ ಕೂಡಿದ ಒಂದು ಪುಟ್ಟ ರೈಲುಸಾಮ್ರಾಜ್ಯವನ್ನೇ ಕಟ್ಟಿದ್ದರು. 'ಟೈಮ್‌ಸೇವರ್' ಎಂಬ ಇವರ ಐದು ಪಾಯಿಂಟುಗಳ ಆಟ 1972ರಲ್ಲಿ ಪ್ರಕಟವಾಯಿತು. ಗೊತ್ತುಪಡಿಸಿದ ವ್ಯಾಗನ್ನುಗಳನ್ನು ಗೊತ್ತಾದ ಜಾಗಗಳಿಗೆ ಯಾರು ಎಲ್ಲರಿಗಿಂತ ಬೇಗ ಮುಟ್ಟಿಸುತ್ತಾರೋ ಅವರಿಗೆ ಗೆಲುವು. 1973ರ ಜನವರಿಯಲ್ಲಿ ಆಲೆನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಅವರ ಮನೆಗೆ ಬೆಂಕಿ ಬಿದ್ದು ಆ ಬೆಟ್ಟಕಣಿವೆಗಳೆಲ್ಲ ಬೂದಿಯಾದವು. ಹಲಗೆಯ ತುಂಡಿನ ಈ ಆಟ ಮಾತ್ರ ಉಳಿಯಿತು.

ಇನ್ನೊಬ್ಬರು ಇಂಗ್ಲೆಂಡಿನ ಅಲನ್ ರೈಟ್. ಇವರ 'ಇಂಗಲ್‌ನುಕ್' ಆಟಕ್ಕೆ ಎರಡೇ ಪಾಯಿಂಟು, ಮೂರೇ ಹಳಿ. ಒಂದರಲ್ಲಿ ಐದು ವ್ಯಾಗನ್ನಿಗೆ, ಉಳಿದೆರಡರಲ್ಲಿ ಮೂರು ಮೂರಕ್ಕೆ ಸ್ಥಳ. ಎಂಜಿನ್ನು ಹಿಂದೆ ಮುಂದೆ ಆಡುವ ತುಂಡಿನಲ್ಲಿ ಎಂಜಿನ್ನು ಮತ್ತು ಮೂರು ವ್ಯಾಗನ್ನು ಹಿಡಿಸುತ್ತವೆ. ಒಟ್ಟು ಎಂಟು ವ್ಯಾಗನ್ನುಗಳಲ್ಲಿ ಚೀಟಿ ಎತ್ತಿ ಬಂದ ಐದನ್ನು, ಚೀಟಿ ಬಂದ ಕ್ರಮದಲ್ಲಿಯೇ, ಉದ್ದನೆಯ ಹಳಿಯಲ್ಲಿ ನಿಲ್ಲಿಸಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸುವ ಬಗೆಗಳು 6,720. ಯಾವ ಕ್ರಮ ಬಂದರೂ ಬಿಡಿಸಲು ಸಾಧ್ಯ. ಇಷ್ಟು ಅಲ್ಪ ಸಾಮಗ್ರಿಯಲ್ಲಿ ಇಷ್ಟು ದೊಡ್ಡ ಸಂಖ್ಯೆ ಅಡಗಿರುವುದು ನಮಗೆ ಬಹಳ ಸೊಗಸೆನಿಸುತ್ತದೆ. ಎರಡರಲ್ಲಿ ಯಾವುದು ಮೇಲೆಂದು ಕೇಳಿದರೆ ಇಂಗ್ಲೆಂಡಿನದೇ ಎಂದು ಹೇಳುತ್ತೇವೆ. ಏಕೆಂದರೆ ಅದು ಗಡಿಯಾರವನ್ನು ನೋಡೆನ್ನುವುದಿಲ್ಲ.

ಇವು ಬುದ್ಧಿಗೆ ಕಸರತ್ತು, ನಿಜ. ಆದರೆ ಇವು ರೈಲ್ವೆಯ ಕೆಲಸವಲ್ಲ. ನಿಜವಾದ ಊರಿನಲ್ಲಿ ಯಾವ ಎಂಜಿನಿಯರನೂ ಬೇಕೆಂದು ಒಗಟಿನಂತೆ ಹಳಿ ಹಾಕುವುದಿಲ್ಲ. ಆದಷ್ಟು ಸರಳವಾಗಿಯೇ ಹಾಕುತ್ತಾನೆ. ಹಾಗಾದರೆ ಸರಳವಾದ ಹಳಿಯ ಮೇಲೆ ಮೂರು ವ್ಯಾಗನ್ನು ಬಿಟ್ಟು ಮೂರನ್ನು ಎತ್ತಿಕೊಂಡರೆ ಐದು ನಿಮಿಷದಲ್ಲಿ ಆಟ ಮುಗಿಯಿತಲ್ಲ ಎಂದು ಕೇಳಬಹುದು. ಲ್ಯಾನ್ಸ್ ಮೈಂಡ್‌ಹೈಮ್ ಎಂಬ ಅಮೆರಿಕದ ಲೇಖಕರು ಈ ಪ್ರಶ್ನೆಗೆ ಉತ್ತರವಾಗಿ ಗ್ರಂಥಗಳನ್ನೇ ಬರೆದಿದ್ದಾರೆ. ಅವರ ಮಾತಿನ ಸಾರವಿಷ್ಟು: ಹಳಿಗಳನ್ನು ಹೆಚ್ಚಿಸಬೇಡಿ; ನಿಜವಾದ ಸಿಬ್ಬಂದಿ ಏನೇನು ಮಾಡುತ್ತಾರೋ ಅದನ್ನೆಲ್ಲ, ಅವರಿಗೆ ಹಿಡಿಯುವಷ್ಟೇ ಹೊತ್ತಿನಲ್ಲಿ ಮಾಡಿ.

ಮೊದಲು ವೇಗವನ್ನೇ ತೆಗೆದುಕೊಳ್ಳೋಣ. ಅಮೆರಿಕದಲ್ಲಿ ವ್ಯಾಗನ್ನಿಗೆ ವ್ಯಾಗನ್ನು ಕೂಡಿಸುವಾಗ ವೇಗ ಗಂಟೆಗೆ 4 ಮೈಲಿಯನ್ನು ಮೀರಬಾರದೆಂಬುದು ವಾಡಿಕೆಯ ಕಟ್ಟಳೆ. ಅದನ್ನು ಎಚ್‌ಒ ಅಳತೆಗೆ ಇಳಿಸಿದರೆ ಸೆಕೆಂಡಿಗೆ 2 ಸೆಂಟಿಮೀಟರ್. 14 ಸೆಂಟಿಮೀಟರಿನ ವ್ಯಾಗನ್ನು ತನ್ನ ಉದ್ದದಷ್ಟು ಸರಿಯಲು 7 ಸೆಕೆಂಡು. 8 ಅಡಿಯ ಹಲಗೆಯನ್ನು ಈ ತುದಿಯಿಂದ ಆ ತುದಿಗೆ ದಾಟಲು ಎರಡು ನಿಮಿಷ. ಇರುವೆಯೂ ಇದಕ್ಕಿಂತ ಚುರುಕಾಗಿ ಹೋದೀತು! ಇಷ್ಟು ನಿಧಾನವಾಗಿ ನಡೆಯಬೇಕಾದರೆ ಹಳಿ ಶುಭ್ರವಾಗಿರಬೇಕು. ಧೂಳಿನ ಕಣವೊಂದು ವಿದ್ಯುತ್ತನ್ನು ತಡೆದರೂ ಎಂಜಿನ್ನು ಮುಗ್ಗರಿಸುತ್ತದೆ. ಆದ್ದರಿಂದ ಬಲ್ಲ ಹವ್ಯಾಸಿಗಳು ಬೆಟ್ಟಗುಡ್ಡದ ಅಲಂಕಾರಕ್ಕಿಂತ ಮೊದಲು ಹಳಿ ಒರೆಸುವ ಬಟ್ಟೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ.

ಮುಂದೆ ಕಾಗದ. ಪ್ರತಿಯೊಂದು ವ್ಯಾಗನ್ನಿಗೂ ಒಂದು ಚೀಟಿ ಇರುತ್ತದೆ. ಎಲ್ಲಿಂದ ಬಂತು, ಒಳಗೆ ಏನಿದೆ, ಯಾವ ಕಾರ್ಖಾನೆಯ ಯಾವ ಬಾಗಿಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಬಾಗಿಲು ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಕಾಗದದ ಸುರುಳಿ ತಂದ ವ್ಯಾಗನ್ನು ಎರಡನೆಯ ಬಾಗಿಲಿಗೇ ನೇರವಾಗಿ ನಿಲ್ಲಬೇಕು. ಸಕ್ಕರೆಪಾಕ ತಂದ ಟ್ಯಾಂಕು ಕೊಳವೆ ಇರುವಲ್ಲಿಯೇ ನಿಲ್ಲಬೇಕು. ಹೊಸದನ್ನು ಒಳಗೆ ತಳ್ಳುವಾಗ ಅಲ್ಲಿ ಅರ್ಧ ಇಳಿಸಿದ ಹಳೆಯ ವ್ಯಾಗನ್ನು ನಿಂತಿದ್ದರೆ, ಅದನ್ನು ಹೊರಗೆ ತೆಗೆದು, ಹೊಸದನ್ನು ಇಟ್ಟು, ಹಳೆಯದನ್ನು ಮತ್ತೆ ಅದರ ಬಾಗಿಲಿಗೇ ತಂದು ನಿಲ್ಲಿಸಿ ಹೋಗಬೇಕು. ಒಳಗೆ ಹಮಾಲರು ಇನ್ನೂ ಸಾಮಾನು ಇಳಿಸುತ್ತಿದ್ದಾರಷ್ಟೆ. ಹಲಗೆಯ ಮೇಲಿನ ಕಾರ್ಖಾನೆಯಲ್ಲಿ ಹಮಾಲರಿಲ್ಲ, ಹಿಂದೆ ಬರಿಯ ಗೋಡೆ. ಆದರೂ ಈ ಆಟ ಬಲ್ಲವನು ಆ ವ್ಯಾಗನ್ನನ್ನು ಕೂದಲೆಳೆಯಷ್ಟೂ ಆಚೀಚೆ ಬಿಡುವುದಿಲ್ಲ.

ಬಳಿಕ ನಿಲುಗಡೆಗಳು. ರಸ್ತೆ ದಾಟುವಲ್ಲಿ ಗೇಟು ಇಲ್ಲದಿದ್ದರೆ ಎಂಜಿನ್ನು ನಿಂತು, ಒಬ್ಬನು ಇಳಿದು, ವಾಹನಗಳನ್ನು ತಡೆದ ಮೇಲೆಯೇ ಮುಂದಕ್ಕೆ. ಪಾಯಿಂಟಿನ ಬಳಿ ನಿಂತು, ಬೀಗ ತೆಗೆದು, ಸನ್ನೆಗೋಲನ್ನು ಹೊರಳಿಸಿ, ಹಳಿ ಸರಿಯಾಗಿ ಕೂತಿದೆಯೇ ಎಂದು ನೋಡಿದ ಮೇಲೆಯೇ ಒಳಕ್ಕೆ. ಕೂಡಿಸಬೇಕಾದ ವ್ಯಾಗನ್ನಿಗಿಂತ ಒಂದು ಮಾರು ಹಿಂದೆ ಮತ್ತೊಮ್ಮೆ ನಿಲುಗಡೆ. ಕೊಂಡಿಯ ಬಾಯಿ ತೆರೆದಿದೆಯೇ ಎಂದು ಪರೀಕ್ಷೆ. ಕೂಡಿದ ನಂತರ ತುಸು ಹಿಂದಕ್ಕೆ ಎಳೆದು ಕೊಂಡಿ ಗಟ್ಟಿಯಾಗಿ ಕಚ್ಚಿದೆಯೇ ಎಂದು ನೋಡುವುದು. ಆಮೇಲೆ ಬ್ರೇಕಿನ ಗಾಳಿಕೊಳವೆಗಳನ್ನು ಜೋಡಿಸುವುದು, ವ್ಯಾಗನ್ನಿನ ಕೈಬ್ರೇಕಿನ ಚಕ್ರವನ್ನು ತಿರುಗಿಸಿ ಸಡಿಲಿಸುವುದು. ಹೊರಬಂದ ಮೇಲೆ ಪಾಯಿಂಟನ್ನು ಮೊದಲಿನಂತೆ ಹೊರಳಿಸಿ ಬೀಗ ಹಾಕುವುದು. ಒಬ್ಬ ಮನುಷ್ಯ ಒಂದು ವ್ಯಾಗನ್ನಿನ ಉದ್ದವನ್ನು ಜಲ್ಲಿಯ ಮೇಲೆ ನಡೆಯಲು ಹತ್ತು ಸೆಕೆಂಡು ಬೇಕೆಂದರೂ, ಮೂರು ವ್ಯಾಗನ್ನು ಬದಲಾಯಿಸುವುದಕ್ಕೆ ಅರ್ಧ ಗಂಟೆ ಸಾಲದು. ಹವ್ಯಾಸಿ ಆ ಕಾಣದ ಮನುಷ್ಯ ಇಳಿದು, ನಡೆದು, ಬಾಗಿ, ಏಳುವಷ್ಟು ಹೊತ್ತು ಕೈಕಟ್ಟಿಕೊಂಡು ಕಾಯುತ್ತಾನೆ.

ಇದು ಅತಿಯಾಯಿತೆಂದು ನಗುವವರು ಆ ದೇಶಗಳಲ್ಲಿಯೂ ಇದ್ದಾರೆ. ಆಟವೆಂದರೆ ಬಿಡುವು, ಬಿಡುವಿನಲ್ಲಿಯೂ ಕಾಯುವುದೇ ಎನ್ನುತ್ತಾರೆ. ಆದರೆ ಈ ನಿಲುಗಡೆಗಳು ಎಲ್ಲಿಂದ ಬಂದವು ಎಂದು ಅರಿತವರಿಗೆ ನಗುವುದು ಸ್ವಲ್ಪ ಕಷ್ಟವಾದೀತು.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ವ್ಯಾಗನ್ನುಗಳನ್ನು ಕೂಡಿಸುತ್ತಿದ್ದುದು ಕಬ್ಬಿಣದ ಬಳೆ ಮತ್ತು ಗೂಟದಿಂದ. ಎಂಜಿನ್ನು ವ್ಯಾಗನ್ನನ್ನು ತಳ್ಳುತ್ತ ಬರುವಾಗ ಎರಡರ ನಡುವೆ ಮನುಷ್ಯನೊಬ್ಬನು ನಿಂತು, ಬಳೆಯನ್ನು ಕೈಯಿಂದ ಹಿಡಿದು ಎದುರಿನ ಬಾಯಿಗೆ ತೂರಿಸಿ, ಗೂಟವನ್ನು ಇಳಿಸಬೇಕಾಗಿತ್ತು. ಒಂದು ಕ್ಷಣ ತಡವಾದರೆ ಬೆರಳು ಹೋಯಿತು. ಕಾಲು ಜಾರಿದರೆ ಪ್ರಾಣವೇ ಹೋಯಿತು. ಕೆಲಸ ಕೇಳಿಕೊಂಡು ಬಂದವನ ಕೈಯಲ್ಲಿ ಎಷ್ಟು ಬೆರಳಿಲ್ಲವೆಂದು ನೋಡಿಯೇ ಅವನ ಅನುಭವವನ್ನು ಅಳೆಯುತ್ತಿದ್ದರೆಂಬ ಮಾತು ಅಲ್ಲಿಯ ರೈಲ್ವೆಯವರಲ್ಲಿ ಪ್ರಚಲಿತವಾಗಿದೆ. ಬ್ರೇಕು ಹಾಕಬೇಕಾದರೆ ಓಡುವ ಗಾಡಿಯ ಮಾಡಿನ ಮೇಲೆ, ಮಳೆಯಿರಲಿ ಹಿಮವಿರಲಿ, ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟುತ್ತ ಚಕ್ರಗಳನ್ನು ತಿರುಗಿಸಬೇಕಾಗಿತ್ತು. ಜಾರ್ಜ್ ವೆಸ್ಟಿಂಗ್‌ಹೌಸರ ಗಾಳಿಬ್ರೇಕು 1869ರಲ್ಲಿ ಬಂದಿತು. ಈಲೈ ಜಾನಿ ಎಂಬುವರು, ಹಸ್ತವು ಹಸ್ತವನ್ನು ಹಿಡಿದಂತೆ ತಾನಾಗಿಯೇ ಕಚ್ಚಿಕೊಳ್ಳುವ ಕೊಂಡಿಗೆ 1873ರಲ್ಲಿ ಹಕ್ಕುಪತ್ರ ಪಡೆದರು. ಉಪಾಯಗಳು ಕೈಯಲ್ಲಿದ್ದರೂ ಖರ್ಚಿನ ನೆಪದಿಂದ ಅವು ಎಲ್ಲ ಗಾಡಿಗಳಿಗೂ ಬರಲಿಲ್ಲ. 1893ರ ಮಾರ್ಚಿಯಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸಹಿ ಮಾಡಿದ ಕಾನೂನು ಇವೆರಡನ್ನೂ ಕಡ್ಡಾಯಗೊಳಿಸಿತು. ಅದು ಪೂರ್ತಿಯಾಗಿ ಜಾರಿಗೆ ಬರುವ ವೇಳೆಗೆ 1900 ಬಂದಿತ್ತು. ಕೊಂಡಿ ಸಿದ್ಧವಾದದ್ದಕ್ಕೂ ಅದು ಬಡವನ ಬೆರಳನ್ನು ಕಾಯತೊಡಗಿದ್ದಕ್ಕೂ ನಡುವೆ ಇಪ್ಪತ್ತೇಳು ವರ್ಷ!

ಈಗಲೂ ಗಾಳಿಕೊಳವೆ ಜೋಡಿಸಲು ಮನುಷ್ಯನೇ ವ್ಯಾಗನ್ನುಗಳ ನಡುವೆ ಹೋಗಬೇಕು. ಅಮೆರಿಕದ ಅನೇಕ ರೈಲುಗಳಲ್ಲಿ ಅದಕ್ಕೊಂದು ಕ್ರಮವಿದೆ. ಒಳಗೆ ಹೋಗುವವನು ರೇಡಿಯೋದಲ್ಲಿ ಚಾಲಕನನ್ನು ಕೇಳುತ್ತಾನೆ. ಚಾಲಕನು ಬ್ರೇಕು ಹಾಕಿ, ಹಿಂದುಮುಂದಿನ ಹಿಡಿಯನ್ನು ನಡುವೆ ತಂದು, ಗಾಲಿಗಳಿಗೆ ವಿದ್ಯುತ್ತು ಹೋಗುವುದನ್ನು ಕಡಿದು, ಮೂರೂ ಆಯಿತೆಂದು ಹೇಳುತ್ತಾನೆ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅವನು ಒಳಗೆ ಕಾಲಿಡುತ್ತಾನೆ. ನಮ್ಮ ದೇಶದಲ್ಲಿ ಇದರ ಬೆಲೆಯನ್ನು ದೂರದ ಇತಿಹಾಸದಲ್ಲಿ ಹುಡುಕಬೇಕಾಗಿಲ್ಲ. 2024ರ ನವೆಂಬರಿನಲ್ಲಿ ಬಿಹಾರದ ಬರೌನಿ ಜಂಕ್ಷನ್ನಿನಲ್ಲಿ, ಶಂಟಿಂಗ್ ನಡೆಯುವಾಗ, ಎಂಜಿನ್ನಿಗೂ ಬೋಗಿಗೂ ನಡುವೆ ಸಿಲುಕಿ ರೈಲ್ವೆ ನೌಕರರೊಬ್ಬರು ಪ್ರಾಣ ಬಿಟ್ಟರು.

ಆದಕಾರಣ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಪುಟ್ಟ ರೈಲಿನ ಆಟದಲ್ಲಿ ಗಾಳಿ ತುಂಬುವ ಹತ್ತು ನಿಮಿಷವನ್ನು ಎರಡಕ್ಕೆ ಇಳಿಸಿಕೊಳ್ಳಲಿ, ನಡೆದು ಹೋಗುವ ಹೊತ್ತನ್ನು ಕಡಿಮೆ ಮಾಡಿಕೊಳ್ಳಲಿ, ಅಡ್ಡಿಯಿಲ್ಲ. ಮನುಷ್ಯನೊಬ್ಬ ವ್ಯಾಗನ್ನುಗಳ ನಡುವೆ ಹೋಗುವ ಮುನ್ನ ಬರುವ ಆ ನಿಲುಗಡೆಯನ್ನು ಮಾತ್ರ ಬಿಡಬಾರದು. ಅದನ್ನು ಬಿಟ್ಟರೆ ಉಳಿಯುವುದು ಮತ್ತೆ ದುಂಡನೆಯ ಹಳಿಯ ಆಟಿಕೆಯೇ. ಎಷ್ಟೇ ಸೊಗಸಾದ ಬಣ್ಣ ಬಳಿದಿರಲಿ, ಎಂಜಿನ್ನಿನಿಂದ ಎಂತಹ ನಿಜವಾದ ಸದ್ದೇ ಬರುತ್ತಿರಲಿ.

ಈ ಹವ್ಯಾಸದ ಸಾಮಗ್ರಿ ನಮ್ಮ ಕಡೆ ದುಬಾರಿ. ಹೆಚ್ಚಿನದು ಹೊರದೇಶದಿಂದ ಬರಬೇಕು. ಪುಣೆಯಲ್ಲಿ ಜೋಶಿಯವರ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯ 1998ರಿಂದ ಇದೆ. ಅತ್ತ ಹೋಗುವವರು ಮಕ್ಕಳಿಗೆ ತೋರಿಸಬಹುದು. ಮನೆಯಲ್ಲಿಯಾದರೋ ಅಲನ್ ರೈಟರ ಆಟಕ್ಕೆ ಒಂದು ಸೀಮೆಸುಣ್ಣದ ತುಂಡು, ಒಂಬತ್ತು ಬರಿದಾದ ಬೆಂಕಿಪೊಟ್ಟಣ ಸಾಕು. ನೆಲದ ಮೇಲೆ ನೆಟ್ಟಗೆ ಒಂದು ಗೆರೆ ಎಳೆಯಿರಿ. ಅದರ ಒಂದು ತುದಿ ನಾಲ್ಕು ಪೊಟ್ಟಣದ ಉದ್ದ, ಅದು ಎಂಜಿನ್ನು ಆಡುವ ಜಾಗ. ಪಾಯಿಂಟುಗಳಿಗೆಂದು ನಡುವೆ ಎರಡು ಪೊಟ್ಟಣದಷ್ಟು ಬಿಟ್ಟು, ಆಚೆಯ ತುದಿ ಐದು ಪೊಟ್ಟಣದ ಉದ್ದ. ನಡುವಿನಿಂದ ಕವಲೊಡೆದು ಮೂರು ಮೂರು ಪೊಟ್ಟಣ ಹಿಡಿಯುವ ಇನ್ನೆರಡು ಗೆರೆಗಳು. ಎಂಟು ಪೊಟ್ಟಣಗಳ ಮೇಲೆ ಒಂದರಿಂದ ಎಂಟು ಅಂಕೆ ಬರೆಯಿರಿ. ಐದನ್ನು ಉದ್ದನೆಯ ಗೆರೆಯ ಮೇಲೆ, ಮೂರನ್ನು ಒಂದು ಕವಲಿನಲ್ಲಿ ಇಡಿ. ಒಂಬತ್ತನೆಯದು ಎಂಜಿನ್ನು. ಪೊಟ್ಟಣಗಳ ಎರಡೂ ತುದಿಗೆ ಕಾಗದದ ಕ್ಲಿಪ್ಪನ್ನು ಬಗ್ಗಿಸಿ ಕೊಂಡಿ ಮಾಡಿದರೆ ಎಳೆಯಲೂಬಹುದು, ತಳ್ಳಲೂಬಹುದು. ಪೊಟ್ಟಣವನ್ನು ನೆಲದಿಂದ ಎತ್ತುವಂತಿಲ್ಲ, ಗೆರೆ ಬಿಟ್ಟು ಸರಿಸುವಂತಿಲ್ಲ. ಬಟ್ಟಲಿನಿಂದ ಐದು ಚೀಟಿ ತೆಗೆದು ಆಟ ಆರಂಭಿಸಬೇಕು.

ಇಬ್ಬರು ಮಕ್ಕಳಿದ್ದರೆ ಅಣ್ಣ ಚಾಲಕನಾಗಲಿ, ತಂಗಿ ಪಾಯಿಂಟ್ಸ್‌ಮನ್ನಿನ ಕೆಲಸ ಮಾಡಲಿ, ಮರುದಿನ ಅದಲುಬದಲಾಗಲಿ. ತಂಗಿ ಹೇಳದೆ ಅಣ್ಣ ಎಂಜಿನ್ನನ್ನು ಅಲುಗಿಸಬಾರದು. ಅಣ್ಣ ಎಂಜಿನ್ನಿನಿಂದ ಕೈ ತೆಗೆದು, "ನಿಂತಿದೆ" ಎಂದು ಬಾಯಿಬಿಟ್ಟು ಹೇಳದೆ ತಂಗಿ ಕೊಂಡಿಗೆ ಬೆರಳು ಹಾಕಬಾರದು. ಮೊದಲ ಒಂದೆರಡು ದಿನ ಈ ನಿಯಮ ಬೇಸರ ತರಿಸುತ್ತದೆ, ಜಗಳವೂ ಆದೀತು. ತಾಯಂದಿರು ತುಸು ಸಹಿಸಿಕೊಳ್ಳಬೇಕು. ಬರಿಯ ಪೊಟ್ಟಣ ಹಗುರವಾದ್ದರಿಂದ ತಳ್ಳಿದಾಗ ಗೆರೆ ಬಿಟ್ಟು ಓರೆಯಾಗುತ್ತದೆ. ನಿಜವಾದ ಮಾದರಿ ರೈಲಿನಲ್ಲಿಯೂ ಹೀಗೆಯೇ. ಅಮೆರಿಕದ ಸಂಘವು 14 ಸೆಂಟಿಮೀಟರಿನ ವ್ಯಾಗನ್ನು ನೂರು ಗ್ರಾಮಿಗೆ ತುಸು ಮೇಲೆ ತೂಗಬೇಕೆಂದು ಸೂಚಿಸುತ್ತದೆ. ಇಲ್ಲಿ ಒಂದೊಂದು ಪೊಟ್ಟಣಕ್ಕೂ ಒಂದು ಹಿಡಿ ಹುಣಸೆಬೀಜ ತುಂಬಿದರೆ ಸಾಕು.